ಅಗ್ಗದ ಸೆಕೆಂಡ್ಸ್ ಗುಂಡು: ಯಾವುದು ಕೊಳ್ಳಬಹುದು, ಯಾವುದು ಬೇಡ

ತೋಟೆಗಳನ್ನು ಮನೆಯಲ್ಲೇ ತುಂಬಿಕೊಳ್ಳುವವರಿಗೆ, ಅಂದರೆ ರೀಲೋಡಿಂಗ್ ಮಾಡುವವರಿಗೆ, ಖರ್ಚಿನಲ್ಲಿ ದೊಡ್ಡ ಪಾಲು ಗುಂಡಿನದು. ತೋಟೆಯ ಹಿತ್ತಾಳೆ ಕೇಸನ್ನು, ಅಂದರೆ ಹೊರಕವಚವನ್ನು, ಮತ್ತೆ ಮತ್ತೆ ಬಳಸಬಹುದು. ಗುಂಡು ಹೋದರೆ ಹೋಯಿತು. ಅದಕ್ಕೇ ಕಾರ್ಖಾನೆಯ ತಪಾಸಣೆಯಲ್ಲಿ ಪಕ್ಕಕ್ಕೆ ಸರಿಸಿದ ಗುಂಡುಗಳು, ಅಂದರೆ ಸೆಕೆಂಡ್ಸ್, ಕಡಿಮೆ ಬೆಲೆಗೆ ಬಂದರೆ ಎಲ್ಲರ ಕಣ್ಣೂ ಆ ಕಡೆಗೇ.

ನಾನಿರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ. ಬೇಟೆಗೆ ಹೋಗುವುದಿಲ್ಲ. .308 ವಿಂಚೆಸ್ಟರ್ ಬೋಲ್ಟ್ ರೈಫಲ್‌ನಿಂದ ಕಾಗದದ ಗುರಿಗೆ ಹೊಡೆಯುತ್ತೇನೆ, ಅಷ್ಟೇ. ನಾಲ್ಕು ಬಗೆಯ ಗುಂಡು ತರಿಸಿ, ಅದೇ ರೈಫಲ್, ಅದೇ ಕೇಸು, ಮದ್ದಿಗೆ ಕಿಡಿ ಹಚ್ಚುವ ಅದೇ ಪ್ರೈಮರ್ ಇಟ್ಟುಕೊಂಡು 100 ಗಜ ದೂರಕ್ಕೆ ಹೊಡೆದು ಹೋಲಿಸಿದೆ. ಮೊದಲನೆಯದು ಪೂರ್ತಿ ಬೆಲೆಯ 168 ಗ್ರೇನ್ (ಗುಂಡು ತೂಗುವ ಸಣ್ಣ ಅಳತೆ) ಮ್ಯಾಚ್ ಗುಂಡು, ಅಂದರೆ ಸ್ಪರ್ಧೆಗೆಂದೇ ಮಾಡಿದ್ದು. ಎರಡನೆಯದು ಅದೇ ತೂಕದ ಕಂಪನಿ ಬ್ಲೆಮ್, ಅಂದರೆ ಮೇಲ್ಮೈಯಲ್ಲಿ ಕಲೆ ಇದೆ ಅಂತ ತಯಾರಕರೇ ಕಡಿಮೆ ಬೆಲೆಗೆ ಬಿಡುವ ಗುಂಡು. ಮೂರನೆಯದು ಒಬ್ಬ ವ್ಯಾಪಾರಿ ಚೀಲದಲ್ಲಿ ಕಟ್ಟಿ ಮಾರುವ ಸೆಕೆಂಡ್ಸ್. ನಾಲ್ಕನೆಯದು ಮಿಲಿಟರಿ ತೋಟೆಗಳಿಂದ ಕಿತ್ತ 147 ಗ್ರೇನ್ ಗುಂಡು. ಇದಕ್ಕೆ ಇಲ್ಲಿ ಪುಲ್ಡ್ ಬುಲೆಟ್ ಅನ್ನುತ್ತಾರೆ.

ಊರಿನ ಓದುಗರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟೆ ತುಂಬಲು ಕೇಂದ್ರ ಸರ್ಕಾರದ ಲೈಸೆನ್ಸ್ ಬೇಡ, ಮಾರುವುದಕ್ಕೆ ಬೇಕು. ಭಾರತದಲ್ಲಿ ಹಾಗಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಸುವುದಕ್ಕೇ ಲೈಸೆನ್ಸ್ ಬೇಕು. ಕೊಡಗಿನಲ್ಲಿ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ತಯಾರಿಕೆಗೆ ಅಲ್ಲ.

ಹೋಲಿಕೆಗೆ ಮುಂಚೆ ಗುಂಡು ಹೇಗೆ ತಯಾರಾಗುತ್ತದೆ ಅಂತ ಸ್ವಲ್ಪ ತಿಳಿದಿರಬೇಕು. ಇಲ್ಲದಿದ್ದರೆ ಯಾವ ಕಲೆ ಸುಮ್ನೆ ಕಲೆ, ಯಾವುದು ನಿಜವಾದ ದೋಷ ಅಂತ ಗೊತ್ತಾಗುವುದಿಲ್ಲ. ತಾಮ್ರದ ಪುಟ್ಟ ಬಟ್ಟಲನ್ನು ಎಳೆದು ಉದ್ದ ಮಾಡಿ, ಒಳಗೆ ಸೀಸ ಕೂರಿಸಿ, ಅಚ್ಚಿನಲ್ಲಿ ಒತ್ತುತ್ತಾರೆ. ಮ್ಯಾಚ್ ಗುಂಡಿನಲ್ಲಿ ಬಟ್ಟಲಿನ ಮುಚ್ಚಿದ ತಳವೇ ಗುಂಡಿನ ಬುಡವಾಗುತ್ತದೆ. ಬಾಯಿ ತುದಿಯ ಕಡೆ ಬರುತ್ತದೆ. ಅದಕ್ಕೇ ತುದಿಯಲ್ಲಿ ಸಣ್ಣ ತೂತು ಕಾಣುತ್ತದೆ. ಸಾಮಾನ್ಯ ಮಿಲಿಟರಿ ಗುಂಡಿನಲ್ಲಿ ಇದು ಉಲ್ಟಾ. ತುದಿ ಮುಚ್ಚಿರುತ್ತದೆ, ಬುಡ ತೆರೆದಿರುತ್ತದೆ, ಅಂಚನ್ನು ಒಳಕ್ಕೆ ಮಡಚಿರುತ್ತಾರೆ. ಆ ಮಡಿಕೆ ಎಲ್ಲ ಗುಂಡಿನಲ್ಲೂ ಒಂದೇ ಸಮ ಬರುವುದು ಕಷ್ಟ.

ಇದು ಯಾಕೆ ಮುಖ್ಯ ಅಂದರೆ, ಬ್ಯಾರೆಲ್ ಬಿಡುವ ಗಳಿಗೆಯಲ್ಲಿ ಗುಂಡಿನ ಬುಡ ಕೊನೆಗೆ ಹೊರಬರುತ್ತದೆ. ಹಿಂದಿನಿಂದ ಅನಿಲ ನುಗ್ಗುತ್ತಿರುತ್ತದೆ. ಬುಡದ ಅಂಚು ಒಂದು ಕಡೆ ಮೊಂಡಾಗಿದ್ದರೆ ಅನಿಲ ಆ ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ಡಾ. ಫ್ರಾಂಕ್ಲಿನ್ ಮ್ಯಾನ್ ಎಂಬ ಅಮೆರಿಕನ್ನರು ನೂರು ವರ್ಷಕ್ಕೂ ಹಿಂದೆ ಗುಂಡುಗಳ ತುದಿಯನ್ನೂ ಬುಡವನ್ನೂ ಬೇಕೆಂದೇ ಕೆಡಿಸಿ ಹೊಡೆದು ನೋಡಿದ್ದರು. ತುದಿ ಕೆಟ್ಟರೆ ಗುರಿ ಅಷ್ಟಾಗಿ ತಪ್ಪಲಿಲ್ಲ. ಬುಡ ಕೆಟ್ಟರೆ ತಪ್ಪಿತು. ನನ್ನ ನಾಲ್ಕು ಪ್ಯಾಕೆಟ್‌ಗಳ ಫಲಿತಾಂಶವೂ ಇದೇ ಸಾಲಿನಲ್ಲಿ ಬಂತು.

ಪೂರ್ತಿ ಬೆಲೆಯ ಮ್ಯಾಚ್ ಗುಂಡಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ತೂಗಿದರೆ ಒಂದಕ್ಕೊಂದು ಅರ್ಧ ಗ್ರೇನ್ ಒಳಗೇ ವ್ಯತ್ಯಾಸ. ಐದು ಗುಂಡಿನ ಗುಂಪು, ಅಂದರೆ ಕಾಗದದ ಮೇಲೆ ಐದು ತೂತುಗಳ ಹರವು, 1 ಇಂಚಿನ ಒಳಗೆ ಬರುತ್ತಿತ್ತು. ಡಬ್ಬದ ಮೇಲೆ ಲಾಟ್ ನಂಬರ್, ಅಂದರೆ ಯಾವ ಕಂತಿನಲ್ಲಿ ತಯಾರಾಯಿತು ಅನ್ನುವ ಗುರುತು, ಇರುತ್ತದೆ. ಸ್ಪರ್ಧೆಗೆ ಹೋಗುವವರು ಇದನ್ನೇ ಕೊಳ್ಳಲಿ.

ಬ್ಲೆಮ್‌ನಿಂದ ನನಗೆ ತುಂಬಾ ಸಂತೋಷವಾಯಿತು. ಒರೆಗಾನ್‌ನ ಬೆಂಡ್ ಊರಿನಲ್ಲಿರುವ ನಾಸ್ಲರ್ ಕಂಪನಿಯ ಬ್ಲೆಮ್ ಗುಂಡುಗಳು ರೀಲೋಡಿಂಗ್ ಮಾಡುವವರಲ್ಲಿ ಹೆಸರುವಾಸಿ. ಬ್ಲೆಮ್ ಅಂದರೆ ಮೇಲ್ಮೈಯಲ್ಲಿ ನೀರಿನ ಕಲೆ, ಬಣ್ಣ ಮಾಸಿದ ತಾಮ್ರ, ಸಣ್ಣ ಗೀರು, ಇಂಥವು. ಮಗ್ಗದ ಸೀರೆಯ ಅಂಚಿನಲ್ಲಿ ಒಂದು ಎಳೆಯ ಬಣ್ಣ ಬೇರೆ ಬಿದ್ದರೆ ಉಡುವುದಕ್ಕೆ ಏನೂ ತೊಂದರೆ ಇಲ್ಲ, ಅಂಗಡಿಯ ಗಾಜಿನ ಹಿಂದೆ ಇಡುವುದಿಲ್ಲ, ಅಷ್ಟೇ. ನನಗೆ ಬಂದವುಗಳಲ್ಲಿ ಕಲೆ ಧಾರಾಳವಾಗಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಬುಡದ ಅಂಚು ಮಾತ್ರ ಚೂಪಾಗಿ, ಸುತ್ತಲೂ ಸಮನಾಗಿತ್ತು. ತೂಕದ ವ್ಯತ್ಯಾಸ ಮೊದಲನೆಯದಕ್ಕಿಂತ ಒಂಚೂರು ಜಾಸ್ತಿ. ಗುರಿಯ ಕಾಗದದಲ್ಲಿ ಎರಡರ ಗುಂಪು ಬೇರೆ ಮಾಡಿ ಹೇಳಲು ನನಗೆ ಆಗಲಿಲ್ಲ. ಬೆಲೆ ಸುಮಾರು ಮೂರನೇ ಒಂದು ಭಾಗ ಕಡಿಮೆ ಬಿತ್ತು. 600 ಗಜಕ್ಕೆ ಹೋದರೆ ತುದಿಯ ಏರುಪೇರು ಗುಂಡಿನ ವೇಗ ಇಳಿಯುವುದರಲ್ಲಿ ಕಾಣಿಸಬಹುದು. 100, 200 ಗಜದ ಅಭ್ಯಾಸಕ್ಕೆ ಅದು ಲೆಕ್ಕಕ್ಕೇ ಬರುವುದಿಲ್ಲ.

ವ್ಯಾಪಾರಿಯ ಸೆಕೆಂಡ್ಸ್ ಚೀಲದ ಕಥೆ ಬೇರೆ. ಚೀಲದ ಮೇಲೆ ಬರೆದಿದ್ದು 168 ಗ್ರೇನ್ ಅಂತ ಮಾತ್ರ. ತಯಾರಿಸಿದವರ ಹೆಸರಿಲ್ಲ, ಲಾಟ್ ಇಲ್ಲ, ಯಾಕೆ ತಿರಸ್ಕಾರವಾಯಿತು ಅಂತಲೂ ಇಲ್ಲ. ನೋಡಲು ಇವು ಬ್ಲೆಮ್‌ಗಿಂತ ಚೆಂದ, ಫಳಫಳ ಹೊಳೆಯುತ್ತಿದ್ದವು. ಕಂಪ್ಯಾರೇಟರ್ ಅನ್ನುವ ಅಳತೆಯ ಸಾಧನ ಹಿಡಿದು ಬುಡದಿಂದ ತಲೆ ಬಾಗಲು ಶುರುವಾಗುವ ಜಾಗದವರೆಗೆ ಅಳೆದಾಗ ಎರಡು ಮೂರು ಬಗೆಯ ಗುಂಡು ಒಂದೇ ಚೀಲದಲ್ಲಿವೆ ಅಂತ ಗೊತ್ತಾಯಿತು. ಕೆಲವಕ್ಕೆ ಬುಡದ ಅಂಚಿನಲ್ಲಿ ತಾಮ್ರದ ಸಣ್ಣ ಚೂರು ಅಂಟಿತ್ತು. ತಕ್ಕಡಿಯಲ್ಲಿ ಒಂದು ಗುಂಡು 180 ಗ್ರೇನ್ ತೂಗಿತು.

ಇದು ಗುಂಪಿನ ಅಳತೆಗಿಂತ ದೊಡ್ಡ ವಿಷಯ. 168ಕ್ಕೆ ಹೊಂದಿಸಿದ ಮದ್ದಿನ ಮೇಲೆ 180ರ ಗುಂಡು ಕೂತರೆ ಒತ್ತಡ ಏರುತ್ತದೆ. ಮದ್ದು ಮೇಲ್ಮಿತಿಯ ಹತ್ತಿರ ಇದ್ದರೆ ಅಪಾಯ. ವ್ಯಾಸದ್ದೂ ಇದೇ ಕಥೆ. .308 ಇಂಚಿನ ಬ್ಯಾರೆಲ್‌ಗೆ ಬೇಕಾದ ಗುಂಡೂ ರಷ್ಯನ್ ಅಳತೆಯ .310, .311 ಗುಂಡೂ ಕಣ್ಣಿಗೆ ಒಂದೇ ತರ ಕಾಣುತ್ತವೆ. ಮೈಕ್ರೋಮೀಟರ್ ಇಲ್ಲದೆ ಹೆಸರಿಲ್ಲದ ಚೀಲ ಬಿಚ್ಚಲೇಬೇಡಿ. ನಾನು ಆ ಚೀಲದ ಒಂದೊಂದನ್ನೂ ತೂಗಿ, ಅಳೆದು, ಬೇರೆ ಮಾಡಿದೆ. ಆರಿಸಿದ ಮೇಲೂ ಗುಂಪು ಒಂದೂವರೆ ಇಂಚಿನ ಆಸುಪಾಸು. ನಡುನಡುವೆ ಒಂದು ಗುಂಡು ಕಾರಣವಿಲ್ಲದೆ ದೂರ ಹೋಗುತ್ತಿತ್ತು. ಬೆಲೆ ಬ್ಲೆಮ್‌ಗಿಂತ ಸ್ವಲ್ಪವೇ ಕಡಿಮೆ. ಆ ಸ್ವಲ್ಪಕ್ಕೆ ಇಷ್ಟು ಕೆಲಸ, ಇಷ್ಟು ಅನುಮಾನ ಯಾಕೆ, ಅಲ್ವಾ? ನನಗೆ ಇದು ಬೇಡ.

ಕಿತ್ತ ಮಿಲಿಟರಿ ಗುಂಡು ಎಲ್ಲಕ್ಕಿಂತ ಅಗ್ಗ, ಅರ್ಧಕ್ಕಿಂತ ಕಡಿಮೆ. ಕಿತ್ತ ಇಕ್ಕಳದ ಗುರುತು ಮೈಮೇಲೆ ಕಾಣುತ್ತದೆ. ಬುಡದ ಹತ್ತಿರ ಕಪ್ಪು ಡಾಂಬರಿನಂಥ ಸೀಲು ಅಂಟಿರುತ್ತದೆ, ಒರೆಸಿ ತೆಗೆಯಬೇಕು. ಗುಂಪು ಎರಡು, ಎರಡೂವರೆ ಇಂಚು. ಬುಡ ತೆರೆದಿರುವ ಗುಂಡಿನಿಂದ ಇದಕ್ಕಿಂತ ಜಾಸ್ತಿ ನಿರೀಕ್ಷೆ ನನಗೂ ಇರಲಿಲ್ಲ. ಕಬ್ಬಿಣದ ತಟ್ಟೆಗಳಿಗೆ ಹೊಡೆಯಲು, ನಿಂತು ಹೊಡೆಯುವ ಅಭ್ಯಾಸಕ್ಕೆ ಇದು ಧಾರಾಳ ಸಾಕು. ಆದರೆ ಅಯಸ್ಕಾಂತ ಹಿಡಿದು ನೋಡಿ. ಕೆಲವು ಮಿಲಿಟರಿ ಗುಂಡುಗಳ ಹೊದಿಕೆಯಲ್ಲೋ ಒಳಗೋ ಉಕ್ಕು ಇರುತ್ತದೆ. ಅಂಥದ್ದನ್ನು ಅನೇಕ ರೇಂಜ್‌ಗಳು, ಅಂದರೆ ಗುರಿ ಅಭ್ಯಾಸದ ಮೈದಾನಗಳು, ಬಿಡುವುದಿಲ್ಲ. ಬೇಸಿಗೆಯ ಒಣ ಹುಲ್ಲಿನಲ್ಲಿ ಕಿಡಿ ಬಿದ್ದರೆ ಏನಾಗುತ್ತದೆ ಅಂತ ಇಲ್ಲಿಯವರಿಗೆ ಚೆನ್ನಾಗಿ ಗೊತ್ತು.

ರಿಯಾಯಿತಿಯನ್ನು ಗುಂಡಿನ ಬೆಲೆಯಲ್ಲಿ ಮಾತ್ರ ಲೆಕ್ಕ ಹಾಕಬೇಡಿ. ಪ್ರತಿ ಗುಂಡಿನ ಹಿಂದೆ ಒಂದು ಪ್ರೈಮರ್, ಒಂದಷ್ಟು ಮದ್ದು, ಬ್ಯಾರೆಲ್‌ನ ಒಂದಿಷ್ಟು ಸವೆತ ಹೋಗುತ್ತದೆ. 2020ರ ಕೊರತೆಯ ನಂತರ ಪ್ರೈಮರ್ ಬೆಲೆ ಏರಿದ್ದನ್ನು ಯಾರೂ ಮರೆತಿಲ್ಲ. ಲಾಟ್ ಬದಲಾದಾಗಲೆಲ್ಲ ಕಡಿಮೆ ಮದ್ದಿನಿಂದ ಶುರುಮಾಡಿ ಮತ್ತೆ ಮೇಲಕ್ಕೆ ಬರಬೇಕು. ಆ ಪರೀಕ್ಷೆಯಲ್ಲೇ ಉಳಿಸಿದ ದುಡ್ಡು ಕರಗಿಹೋಗುತ್ತದೆ. ಸಾಗಣೆಯೂ ಇದೆ. 168 ಗ್ರೇನ್‌ನ 500 ಗುಂಡು ಅಂದರೆ 12 ಪೌಂಡ್ ತೂಕ.

ಈಗ ನಾನು ಮಾಡುವುದು ಹೀಗೆ. ತಯಾರಕರ ಹೆಸರಿರುವ ಬ್ಲೆಮ್ ಬಂದ ತಕ್ಷಣ 100ರ ಒಂದು ಪ್ಯಾಕೆಟ್ ತರಿಸುತ್ತೇನೆ. ಬುಡ ನೋಡುತ್ತೇನೆ, ತೂಗುತ್ತೇನೆ, ಆ ವಾರದ ಕೊನೆಯೊಳಗೆ ಹೊಡೆದು ನೋಡುತ್ತೇನೆ. ಸರಿ ಬಂದರೆ ಮಾರುವವರಿಗೆ ಫೋನ್ ಮಾಡಿ ಅದೇ ಲಾಟ್ ಉಳಿದಿದೆಯಾ ಅಂತ ಕೇಳಿ, ಇದ್ದರೆ ವರ್ಷಕ್ಕೆ ಆಗುವಷ್ಟು ಒಟ್ಟಿಗೆ ತೆಗೆದುಕೊಳ್ಳುತ್ತೇನೆ. ತಟ್ಟೆಗಳಿಗೆ ಹೊಡೆಯಲು ಕಿತ್ತ ಗುಂಡಿನ ಒಂದು ಡಬ್ಬ ಬೇರೆ ಇದೆ. ಅದರ ಮೇಲೆ ತೂಕವನ್ನೂ ವ್ಯಾಸವನ್ನೂ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಎರಡು ಡಬ್ಬಗಳನ್ನು ಒಂದೇ ದಿನ ಮೇಜಿನ ಮೇಲೆ ತೆರೆಯುವುದಿಲ್ಲ.