ಸೋಮವಾರ ಬೆಳಿಗ್ಗೆ ಬರೆಯದ ಪೆನ್ನು: ಮೂರೂವರೆ ವರ್ಷದ ಬಳಕೆಯ ನಂತರ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಪೆನ್ನು ಒಂದಕ್ಷರವನ್ನೂ ಬರೆಯುತ್ತಿರಲಿಲ್ಲ. ಟೋಪಿ ಬಿಚ್ಚಿ, ಕರಡಿನ ಮೊದಲ ಸಾಲಿನ ಪಕ್ಕದಲ್ಲಿ ನಿಬ್ಬು ಇಟ್ಟು ಎಳೆದರೆ ಕಾಗದದ ಮೇಲೆ ಒಣ ಗೀರು ಮಾತ್ರ ಬೀಳುತ್ತಿತ್ತು. ಕೊಡವಬೇಕು, ಒದ್ದೆ ಬಟ್ಟೆಗೆ ನಿಬ್ಬನ್ನು ಒತ್ತಬೇಕು, ರದ್ದಿ ಹಾಳೆಯ ಮೇಲೆ ಹತ್ತಾರು ಸೊನ್ನೆ ಸುತ್ತಬೇಕು. ಆಮೇಲೆ ಬರೆಯಲು ಶುರುವಾಗುತ್ತಿತ್ತು. ಮಂಗಳವಾರದಿಂದ ಶನಿವಾರದ ತನಕ ಇದರಷ್ಟು ಒಳ್ಳೆಯ ಪೆನ್ನು ಇನ್ನೊಂದಿಲ್ಲ. ಈ ಒಂದು ದೋಷದ ಮೂಲ ಸಿಗುವುದಕ್ಕೆ ನನಗೆ ಮೂರು ವರ್ಷ ಹಿಡಿಯಿತು. ಬೇರೆಯವರಿಗೆ ಅಷ್ಟು ದಿನ ಹಿಡಿಯಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಚಾಮರಾಜಪೇಟೆಯ ಮುದ್ರಣಾಲಯವೊಂದಕ್ಕೆ ಕರಡು ತಿದ್ದುವುದು ನನ್ನ ಕೆಲಸ. ದಿನಕ್ಕೆ ನಲವತ್ತು ಐವತ್ತು ಪುಟ ಕೈ ಕೆಳಗೆ ಹಾದುಹೋಗುತ್ತವೆ. ಹಿಂದೆ ಬಾಲ್ ಪೆನ್ನಿನಲ್ಲಿ ತಿದ್ದುತ್ತಿದ್ದೆ. ಅದರೊಳಗಿನ ಶಾಯಿ ಮಂದ. ಗುಂಡು ಉರುಳಬೇಕಾದರೆ ಕೈ ಒತ್ತಲೇಬೇಕು. ಹೀಗೆ ಒತ್ತಿ ಒತ್ತಿ ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು ಮನೆ ಮಾಡಿತು. ಶಾಯಿ ಪೆನ್ನಿಗೆ ಒತ್ತಡ ಬೇಕಿಲ್ಲ. ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ನಿಬ್ಬಿನ ಸೀಳಿಗೆ ಶಾಯಿ ತಾನೇ ಬಂದು ನಿಂತಿರುತ್ತದೆ. ಕಾಗದ ಮುಟ್ಟಿದರೆ ಸಾಕು, ಇಳಿಯುತ್ತದೆ. 2021ರ ನವೆಂಬರಿನಲ್ಲಿ ಅವೆನ್ಯೂ ರಸ್ತೆಯ ಒಂದು ಸಣ್ಣ ಅಂಗಡಿಯಲ್ಲಿ 350 ರೂಪಾಯಿಗೆ ಇದನ್ನು ಕೊಂಡೆ. ಅದಕ್ಕಿಂತ ಹೆಚ್ಚು ಕೊಡುವ ಶಕ್ತಿ ಆಗ ಇರಲಿಲ್ಲ, ಈಗಲೂ ಕೊಡಬೇಕು ಎನ್ನಿಸಿಲ್ಲ.

ಪೆನ್ನಿನ ಮೈಮೇಲೆ ತಯಾರಕರ ಹೆಸರಿಲ್ಲ. ನಿಬ್ಬಿನ ಮೇಲೆ ‘ಇರಿಡಿಯಂ’ ಎಂದು ಕೊರೆದಿದೆ. ಇಂದಿನ ನಿಬ್ಬುಗಳ ತುದಿಯಲ್ಲಿ ಕೂರಿಸುವ ಗಟ್ಟಿ ಲೋಹದ ಬಿಂದುವಿನಲ್ಲಿ ಹೆಚ್ಚಾಗಿ ಇರಿಡಿಯಂ ಇರುವುದಿಲ್ಲ, ಹೆಸರಷ್ಟೇ ಉಳಿದುಕೊಂಡಿದೆ. ಮೈ ಎಬೊನೈಟಿನದು, ಅಂದರೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡಿದ ರಬ್ಬರು. ರಾಜಮಂಡ್ರಿಯ ರತ್ನಂ ಪೆನ್ನುಗಳು 1930ರ ದಶಕದಲ್ಲಿ ಸ್ವದೇಶಿಯ ಹುರುಪಿನಲ್ಲಿ ಹೆಸರಾದಾಗಿನಿಂದ ನಮ್ಮ ಕಡೆ ಕೈಯಿಂದ ಕಡೆಯುವ ಪೆನ್ನಿಗೆ ಇದೇ ವಸ್ತು. ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದರೆ ಬೆಚ್ಚಗಾಗಿ ಗಂಧಕದ ಸಣ್ಣ ವಾಸನೆ ಬರುತ್ತದೆ. ಆ ವಾಸನೆ ನನಗೆ ಇಷ್ಟ.

ಶಾಯಿ ತುಂಬುವುದು ಹಳೆಯ ಕ್ರಮದಲ್ಲಿ, ಫಿಲ್ಲರಿನಿಂದ, ಅಂದರೆ ಹಿಸುಕಿ ಬಿಟ್ಟರೆ ಶಾಯಿ ಎಳೆದುಕೊಳ್ಳುವ ಸಣ್ಣ ಕೊಳವೆಯಿಂದ. ಪೆನ್ನಿನ ಹೊಟ್ಟೆಯೇ ಮಸಿಕುಡಿಕೆ, ಒಳಗೆ ಬೇರೆ ಕೊಳವೆ ಇಲ್ಲ. ಹದಿನೈದು ದಿನಕ್ಕೊಮ್ಮೆ, ಸಾಮಾನ್ಯವಾಗಿ ಭಾನುವಾರ ಬೆಳಗಿನ ಕಾಫಿಯಾದ ಮೇಲೆ, ಕಿಟಕಿಯ ಪಕ್ಕದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸುತ್ತೇನೆ. ನಿಬ್ಬು ಕೂರಿಸಿರುವ ಕತ್ತನ್ನು ಬಿಚ್ಚಿ ಬಟ್ಟೆಯ ಮೇಲೆ ಮಲಗಿಸುತ್ತೇನೆ. ಫಿಲ್ಲರಿನಲ್ಲಿ ಶಾಯಿ ಎಳೆದು, ಹೊಟ್ಟೆಯ ಗೋಡೆಗೆ ತಾಗಿಸಿ ಬಿಡುತ್ತೇನೆ. ನೇರವಾಗಿ ಬಿಟ್ಟರೆ ಗುಳ್ಳೆ ಏಳುತ್ತದೆ. ತಿರುಪಿನ ಸುತ್ತು ಆರಂಭವಾಗುವ ಜಾಗಕ್ಕೆ ಸ್ವಲ್ಪ ಕೆಳಗೇ ನಿಲ್ಲಿಸಬೇಕು. ಆಮೇಲೆ ಆ ಸುತ್ತುಗಳಿಗೆ ಚಿಟಿಕೆಯಷ್ಟು ಸಿಲಿಕೋನ್ ಗ್ರೀಸ್ ಸವರಿ ತಿರುಗಿಸುತ್ತೇನೆ. ವ್ಯಾಸಲೀನ್ ಹಚ್ಚಬೇಡಿ, ಅದು ರಬ್ಬರನ್ನು ಬರಬರುತ್ತ ಕೆಡಿಸುತ್ತದೆ. ಒಮ್ಮೆಗೆ ಎರಡೂವರೆ ಮಿಲಿಲೀಟರ್ ಹಿಡಿಯುತ್ತದೆ. 60 ಮಿಲಿಲೀಟರಿನ ಒಂದು ಬಾಟಲಿ ನನಗೆ ಹನ್ನೊಂದು ತಿಂಗಳು ಬರುತ್ತದೆ. ಈಗ ನಾಲ್ಕನೆಯ ಬಾಟಲಿ ತಳ ಕಾಣುತ್ತಿದೆ. ನನ್ನ ತಂದೆ ಇದೇ ಕೆಲಸವನ್ನು ಬೆಂಗಳೂರಿನ ಚೆಲ್‌ಪಾರ್ಕ್ ಶಾಯಿಯ ಬಾಟಲಿಯಿಂದ ಮಾಡುತ್ತಿದ್ದರು. ಚೆಲ್ಲಿದ ಹನಿಯನ್ನು ಹೀರಿಕೊಳ್ಳಲು ಅವರು ಬಳಸುತ್ತಿದ್ದುದು ಸೀಮೆಸುಣ್ಣದ ತುಂಡು. ನನ್ನ ಮೇಜಿನ ಡ್ರಾಯರಿನಲ್ಲಿಯೂ ಒಂದಿದೆ.

ಬರೆಯುವುದರ ಬಗ್ಗೆ ಹೇಳಲೇಬೇಕಾದ ಸಂಗತಿ ಕನ್ನಡದ ಲಿಪಿಗೆ ಸೇರಿದ್ದು. ‘ಠ’ದ ಹೊಟ್ಟೆಯೊಳಗೆ ಒಂದು ಚುಕ್ಕೆ ಇದೆ, ‘ಥ’ದೊಳಗೂ ಇದೆ. ನಿಬ್ಬು ದಪ್ಪವಾದರೆ ‘ಠ’ ಮುಚ್ಚಿಹೋಗಿ ಮಸಿಯ ಗುಂಡಾಗುತ್ತದೆ, ‘ಥ’ ಯಾವುದು ‘ಧ’ ಯಾವುದು ಎಂದು ಅಕ್ಷರ ಜೋಡಿಸುವವರಿಗೆ ತಿಳಿಯುವುದಿಲ್ಲ. ಎರಡು ಸಾಲುಗಳ ನಡುವಿನ ಕಿರುಜಾಗದಲ್ಲಿ ‘ಸ್ತ್ರ’, ‘ಕ್ಷ್ಮ’ ಬರೆಯಬೇಕಾದರೆ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಮುಟ್ಟಬಾರದು. ಆದ್ದರಿಂದ ನಾನು ಸಣ್ಣ ನಿಬ್ಬನ್ನೇ ಆರಿಸಿದೆ. ಜಪಾನಿನವರ ‘ಫೈನ್’ ಯುರೋಪಿನವರ ‘ಫೈನ್’ಗಿಂತ ಸಣ್ಣ ಎಂಬುದು ನೆನಪಿರಲಿ, ಪೆಟ್ಟಿಗೆಯ ಮೇಲಿನ ಅಕ್ಷರ ನೋಡಿ ಕೊಂಡರೆ ಸಾಲದು, ನಿಮ್ಮ ಹೆಸರನ್ನು ಅಲ್ಲಿಯೇ ಬರೆದು ನೋಡಿ. ಕರಡು ಬರುವುದು ಜೆರಾಕ್ಸ್ ಕಾಗದದ ಮೇಲೆ. ಅದರಲ್ಲಿ ಶಾಯಿ ಸ್ವಲ್ಪ ಹಬ್ಬುತ್ತದೆ, ಸಣ್ಣ ನಿಬ್ಬಿದ್ದರೆ ತಡೆದುಕೊಳ್ಳಬಹುದು. ದುಂಡು ಅಕ್ಷರಗಳ ಸುತ್ತಿನಲ್ಲಿ ಕೈ ಎತ್ತದೆ ತಿರುಗುವಾಗ ಈ ನಿಬ್ಬು ಕೊಡುವ ಸುಖ ಎಂಥದೆಂದರೆ, ‘ಕ್ಷ’ ಬರೆಯುವ ಅವಕಾಶ ಸಿಕ್ಕರೆ ನಾನು ಈಗಲೂ ಸಂತೋಷಪಡುತ್ತೇನೆ.

ಇಷ್ಟು ಒಳ್ಳೆಯ ಪೆನ್ನು ಸೋಮವಾರ ಮಾತ್ರ ಯಾಕೆ ಕೈಕೊಡಬೇಕು?

ಮೊದಲು ಶಾಯಿಯನ್ನು ಅನುಮಾನಿಸಿದೆ. ನೀಲಿ ಬಿಟ್ಟು ನೀಲಿ-ಕಪ್ಪು ಹಾಕಿದೆ, ಮತ್ತೆ ನೀಲಿಗೆ ಬಂದೆ. ವ್ಯತ್ಯಾಸವಾಗಲಿಲ್ಲ. (ಚಿತ್ರ ಬರೆಯುವ ಇಂಡಿಯನ್ ಇಂಕನ್ನು ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. ಅದರಲ್ಲಿ ಅರಗು ಇರುತ್ತದೆ, ಒಣಗಿದರೆ ಪೆನ್ನಿನ ಕತೆ ಮುಗಿಯಿತು.) ಆಮೇಲೆ ನಿಬ್ಬನ್ನು ಅನುಮಾನಿಸಿದೆ. ಕರಡು ನೋಡುವ ಭೂತಗನ್ನಡಿಯಲ್ಲಿ ಸೀಳಿನ ಎರಡು ಬದಿಯನ್ನೂ ನೋಡಿದೆ, ಸಮವಾಗಿಯೇ ಇದ್ದವು.

ಅಷ್ಟರಲ್ಲಿ 2024ರ ಬೇಸಿಗೆ ಬಂತು. ಆ ಮಾರ್ಚಿನಲ್ಲಿ ಬೆಂಗಳೂರು ನೀರಿಗೆ ಪಟ್ಟ ಪಾಡು ಎಲ್ಲರಿಗೂ ನೆನಪಿರಬೇಕು. ಕತ್ತರಿಗುಪ್ಪೆಯ ನಮ್ಮ ಬೀದಿಯಲ್ಲಿ ಕಾವೇರಿ ನೀರು ವಿರಳವಾಯಿತು, ತೊಟ್ಟಿಗೆ ಟ್ಯಾಂಕರಿನ ಬೋರ್‌ವೆಲ್ ನೀರು ಬೀಳತೊಡಗಿತು. ಬಕೆಟ್ಟಿನ ಅಂಚಿಗೆ, ಗೀಸರಿನ ಒಳಗೆ, ನಲ್ಲಿಯ ಮೂತಿಗೆ ಬಿಳಿಯ ಪದರ ಕಟ್ಟಿತು. ತಿಂಗಳಿಗೊಂದು ಬಾರಿ ಪೆನ್ನನ್ನು ತೊಳೆಯುತ್ತಿದ್ದುದೂ ಅದೇ ನೀರಿನಲ್ಲಿ. ಏಪ್ರಿಲಿನ ಹೊತ್ತಿಗೆ ಸೋಮವಾರದ ರೋಗ ಬುಧವಾರಕ್ಕೂ ಹಬ್ಬಿತು. ನಿಬ್ಬನ್ನೂ ಅದರ ಅಡಿಯ ನಾಲಿಗೆಯನ್ನೂ ಹೊರಗೆಳೆದು ನೋಡಿದರೆ, ನಾಲಿಗೆಯ ಸಣ್ಣ ಕಾಲುವೆಯಲ್ಲಿ ಬಕೆಟ್ಟಿನ ಅಂಚಿನಲ್ಲಿದ್ದ ಅದೇ ಬಿಳಿ ಹುಡಿ! ಶಾಯಿ ಕೆಳಗಿಳಿಯುವುದು ಈ ಕಾಲುವೆಯಲ್ಲಿ, ಅದರ ಜಾಗ ತುಂಬಲು ಗಾಳಿ ಮೇಲೇರುವುದೂ ಇಲ್ಲಿಂದಲೇ. ದಾರಿ ಕಟ್ಟಿದರೆ ಎರಡೂ ನಿಲ್ಲುತ್ತವೆ.

ಪರಿಹಾರ ಸಿಕ್ಕಿದ್ದು ಮೆಟ್ಟಿಲಿನ ಕೆಳಗೆ. ಕರೆಂಟು ಹೋದರೆ ಇರಲಿ ಎಂದು ಇಟ್ಟುಕೊಂಡಿರುವ ಇನ್ವರ್ಟರಿನ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನ ಕ್ಯಾನು ಅಲ್ಲಿರುತ್ತದೆ. ಅದರಲ್ಲಿ ಉಪ್ಪಿನ ಅಂಶ ಇಲ್ಲ, ಒಣಗಿದರೆ ಪದರ ಉಳಿಯುವುದಿಲ್ಲ. (ಬ್ಯಾಟರಿಯ ಆ್ಯಸಿಡ್ ಬೇರೆ, ಇದು ಬೇರೆ, ಚೀಟಿ ಓದಿಯೇ ಬಳಸಿ.) ಅಂದಿನಿಂದ ತೊಳೆಯುವ ಭಾನುವಾರ ನನಗೆ ಹಬ್ಬ. ಹಳೆಯ ಸ್ಟೀಲ್ ಲೋಟದಲ್ಲಿ ಆ ನೀರನ್ನು ಅರ್ಧ ತುಂಬಿಸಿ ನಿಬ್ಬು, ನಾಲಿಗೆ ಇರುವ ಕತ್ತನ್ನು ಇಳಿಬಿಡುತ್ತೇನೆ. ಸೀಳಿನಿಂದ ನೀಲಿಯ ಎಳೆಯೊಂದು ಹೊರಟು, ಊದುಬತ್ತಿಯ ಹೊಗೆಯ ಹಾಗೆ ಸುರುಳಿ ಸುತ್ತುತ್ತ ತಳಕ್ಕೆ ಇಳಿಯುತ್ತದೆ. ಅತ್ತೆ ಒಮ್ಮೆ ಅಡುಗೆಮನೆಯಿಂದ ಬಂದು ಪಕ್ಕದಲ್ಲಿ ನಿಂತು ಅದು ಪೂರ್ತಿ ಇಳಿಯುವ ತನಕ ನೋಡಿದರು. “ಲೋಟವನ್ನು ಬೇರೆ ಇಡಮ್ಮ” ಎಂದಷ್ಟೇ ಹೇಳಿ ಹೋದರು. ಈಗ ಆ ಲೋಟ ಪೆನ್ನಿನದೇ. ನೀರು ತಿಳಿಯಾಗುವ ತನಕ ಮೂರು ಸಲ ಬದಲಾಯಿಸುತ್ತೇನೆ, ಆಮೇಲೆ ನಿಬ್ಬನ್ನು ಕೆಳಮುಖವಾಗಿ ಹತ್ತಿಬಟ್ಟೆಯಲ್ಲಿ ನಿಲ್ಲಿಸಿ ರಾತ್ರಿಯಿಡೀ ಬಿಡುತ್ತೇನೆ. ಬಿಸಿನೀರು ಬೇಡ, ನೆನೆಯುವ ಕತ್ತಿನ ಹೊರತು ಮೈಯನ್ನು ನೀರಿಗೆ ಹಾಕುವುದೂ ಬೇಡ. ಎಬೊನೈಟ್ ಬಿಸಿನೀರಿಗೂ ಬಿಸಿಲಿಗೂ ಕಪ್ಪು ಬಿಟ್ಟು ಕಂದು ತಿರುಗುತ್ತದೆ. ನನ್ನ ಪೆನ್ನಿನ ಕತ್ತಿನ ಬಳಿ ಈಗಾಗಲೇ ತೆಳುವಾಗಿ ಆ ಬಣ್ಣ ಬಂದಿದೆ.

ಬುಧವಾರದ ತೊಂದರೆ ಹೋಯಿತು. ಸೋಮವಾರದ್ದು ಹೋಗಲಿಲ್ಲ. ನಿಜವಾಗಿಯೂ ಬೇಸರವಾಯಿತು. ಆ ವರ್ಷದ ನವೆಂಬರಿನಲ್ಲಿ, ಇನ್ನು ನಿಬ್ಬನ್ನೇ ಬದಲಾಯಿಸುವುದು ಎಂದು ತೀರ್ಮಾನಿಸಿ ಬನಶಂಕರಿಯಲ್ಲಿ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಅವೆನ್ಯೂ ರಸ್ತೆಗೆ ಹೋದೆ. ಪೆನ್ನು ಕೊಂಡಿದ್ದ ಅಂಗಡಿಯ ಬಾಗಿಲು ಹಾಕಿತ್ತು. ನಾಲ್ಕು ಅಂಗಡಿ ಆಚೆ ಒಬ್ಬ ಹಿರಿಯರು ಪೆನ್ನು ರಿಪೇರಿ ಮಾಡುತ್ತ ಕುಳಿತಿದ್ದರು. ನನ್ನ ದೂರನ್ನೆಲ್ಲ ಕೇಳಿದರು. ನಿಬ್ಬಿನ ಕಡೆ ನೋಡಲೇ ಇಲ್ಲ. ಟೋಪಿಯನ್ನು ಕೈಗೆ ತೆಗೆದುಕೊಂಡು ಕ್ಲಿಪ್ಪನ್ನು ಬೆರಳಿನಿಂದ ಎಡಕ್ಕೂ ಬಲಕ್ಕೂ ತಿರುಗಿಸಿದರು. ಅದು ಸಲೀಸಾಗಿ ತಿರುಗಿತು.

“ಇದು ಎಷ್ಟು ದಿನದಿಂದ ಹೀಗೆ ತಿರುಗುತ್ತಿದೆ ಅಮ್ಮ?”

“ಕೊಂಡಾಗಿನಿಂದ” ಎಂದೆ.

ಟೋಪಿಯ ಬಾಯನ್ನು ಬಟ್ಟೆಯಿಂದ ಒರೆಸಿ ನನ್ನ ಕೈಗೆ ಕೊಟ್ಟು, ತುಟಿಗೆ ಇಟ್ಟು ಗಾಳಿ ಎಳೆಯಲು ಹೇಳಿದರು. ಎಳೆದೆ. ಗಾಳಿ ಬಂತು. ಅವರ ಬಳಿಯಿದ್ದ ಇನ್ನೊಂದು ಟೋಪಿಯನ್ನು ಎಳೆಯಲು ಹೇಳಿದರು. ಅದು ತುಟಿಗೆ ಕಚ್ಚಿಕೊಂಡಿತು.

“ನಿಬ್ಬು ಚೆನ್ನಾಗಿದೆ. ಟೋಪಿಯ ನೆತ್ತಿಯಿಂದ ಗಾಳಿಯಾಡುತ್ತಿದೆ. ದಿನವೂ ಬರೆದರೆ ಗೊತ್ತಾಗುವುದಿಲ್ಲ, ಒಂದು ದಿನ ಸುಮ್ಮನಿಟ್ಟರೆ ಒಣಗುತ್ತದೆ.”

ಭಾನುವಾರ ಪೆನ್ನು ಚೀಲದಲ್ಲಿ ಮಲಗಿರುತ್ತಿತ್ತು. ಶಾಯಿ ತುಂಬಿದ ಭಾನುವಾರವೂ ಟೋಪಿ ಹಾಕಿ ಇಟ್ಟುಬಿಡುತ್ತಿದ್ದೆ, ಬರೆಯುತ್ತಿರಲಿಲ್ಲ. ಅಷ್ಟೇ ವಿಷಯ! ಕ್ಲಿಪ್ಪನ್ನು ಹಿಡಿದಿಡುವ ತಿರುಪು ಟೋಪಿಯ ನೆತ್ತಿಯಲ್ಲಿದೆ. ಅದನ್ನು ಬಿಚ್ಚಿ, ಅದರ ಸುತ್ತುಗಳಿಗೆ ಜೇನುಮೇಣವನ್ನು ಉಜ್ಜಿ, ಮತ್ತೆ ಬಿಗಿದು ಕೊಟ್ಟರು. ಇಪ್ಪತ್ತು ರೂಪಾಯಿ ತೆಗೆದುಕೊಂಡರು. ಮೂರು ವರ್ಷದ ಸೋಮವಾರಗಳು ನೆನಪಾಗಿ ನನಗೆ ಅಲ್ಲಿಯೇ ಕಣ್ಣು ತುಂಬಿತು ಎಂದರೆ ನಂಬಿ.

ಅದಾದ ಮೇಲೆ ಎಂಟು ತಿಂಗಳಾಯಿತು. ಕಳೆದ ಸಂಕ್ರಾಂತಿಗೆ ಊರಿಗೆ ಹೋಗಿ ಐದು ದಿನ ಪೆನ್ನು ಮುಟ್ಟಲಿಲ್ಲ. ಹಿಂದಿರುಗಿ ಬಂದು ಟೋಪಿ ಬಿಚ್ಚಿದೆ. ಮೊದಲ ಗೆರೆಯೇ ಒದ್ದೆಯಾಗಿ, ಪೂರ್ತಿಯಾಗಿ ಬಂತು. ಬೆರಳಿನ ನೋವೂ ಪೂರ್ತಿ ಹೋಗದಿದ್ದರೂ ರಾತ್ರಿ ನಿದ್ದೆ ಕೆಡಿಸುವುದಿಲ್ಲ.

ಈ ಬಗೆಯ ಪೆನ್ನಿನ ಹುಟ್ಟುಗುಣ ಒಂದಿದೆ, ಅದಕ್ಕೆ ಮದ್ದಿಲ್ಲ. ಹೊಟ್ಟೆಯಲ್ಲಿ ಶಾಯಿ ಕಡಿಮೆಯಾದಷ್ಟೂ ಗಾಳಿ ಹೆಚ್ಚು. ಕೈಯ ಬಿಸಿಗೆ ಆ ಗಾಳಿ ಹಿಗ್ಗಿ ಶಾಯಿಯನ್ನು ಹೊರಗೆ ನೂಕುತ್ತದೆ, ಪೆನ್ನು ಕಾರುತ್ತದೆ. ಎಬೊನೈಟಿನ ದಪ್ಪ ಮೈ ಬಿಸಿಯನ್ನು ಸ್ವಲ್ಪ ತಡೆಯುತ್ತದೆ, ಪೂರ್ತಿಯಲ್ಲ. ಒಮ್ಮೆ ಕವಿತಾ ಸಂಕಲನವೊಂದರ ಕೊನೆಯ ಕರಡಿನ ಮೇಲೆ ಹೆಬ್ಬೆರಳಗಲದ ನೀಲಿ ಬಿತ್ತು. ಆ ಪುಟವನ್ನು ಮತ್ತೆ ಮುದ್ರಿಸಿ ತರಿಸಿಕೊಂಡು ಮೊದಲಿನಿಂದ ಓದಬೇಕಾಯಿತು. ಅಂದಿನಿಂದ ಮೂರನೆಯ ಒಂದು ಭಾಗ ಉಳಿದಿರುವಾಗಲೇ ಮತ್ತೆ ತುಂಬಿಸುತ್ತೇನೆ. ಚೀಲದಲ್ಲಿ ನೆಟ್ಟಗೆ, ನಿಬ್ಬು ಮೇಲಾಗಿ ಇಡುತ್ತೇನೆ. ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಬಿಸಿಲಿನಲ್ಲಿ ನಿಲ್ಲಿಸುವವರಿಗೆ, ಅಂಗಿಯ ಜೇಬಿನಲ್ಲಿ ಹೇಗೆಂದರೆ ಹಾಗೆ ಸಿಕ್ಕಿಸಿಕೊಳ್ಳುವವರಿಗೆ ಫಿಲ್ಲರಿನ ಪೆನ್ನು ಬೇಡ. ಕಾರ್ಟ್ರಿಜ್, ಅಂದರೆ ಶಾಯಿ ತುಂಬಿಯೇ ಬರುವ ಸಣ್ಣ ಕೊಳವೆ, ಹಾಕುವ ಪೆನ್ನು ಕೊಂಡರೆ ಅವರಿಗೆ ನೆಮ್ಮದಿ. ದಿನವೂ ಬರೆಯುವ, ಹದಿನೈದು ದಿನಕ್ಕೊಮ್ಮೆ ಕಾಲು ಗಂಟೆ ಕೊಡಬಲ್ಲವರಿಗೆ ಮಾತ್ರ ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಕೆಂಪು ಶಾಯಿಗೆಂದು ಇನ್ನೊಂದು ಬೇಕಾಗಿದೆ. ಬರುವ ಶನಿವಾರ ಮಧ್ಯಾಹ್ನ ಅವೆನ್ಯೂ ರಸ್ತೆಗೆ ಹೋಗುತ್ತೇನೆ. ಈ ಸಲ ನಿಬ್ಬು ನೋಡುವುದಕ್ಕೆ ಮೊದಲು ಕ್ಲಿಪ್ಪನ್ನು ತಿರುಗಿಸಿ ನೋಡುತ್ತೇನೆ, ಟೋಪಿಯನ್ನು ಒರೆಸಿ ತುಟಿಗಿಟ್ಟು ಗಾಳಿ ಎಳೆಯುತ್ತೇನೆ. ಕಚ್ಚಿಕೊಂಡರೆ ಕೊಳ್ಳುತ್ತೇನೆ.