ನೀಲಿ ಗುಲಾಬಿಯ ಬೀಜ ಅಂತ ಕಂಡರೆ ದಯವಿಟ್ಟು ದುಡ್ಡು ಕೊಡಬೇಡಿ

ರಾತ್ರಿ ಅಡುಗೆಮನೆ ಒರೆಸಿ, ಹಾಲಿಗೆ ಹೆಪ್ಪು ಹಾಕಿ, ಎಲ್ಲರೂ ಮಲಗಿದ ಮೇಲೆ ಅರ್ಧ ಗಂಟೆ ಮೊಬೈಲ್ ಹಿಡಿದು ಕೂರುವುದು ನನ್ನ ರೂಢಿ. ನೋಡುವುದು ಬೇರೇನೂ ಅಲ್ಲ, ಗಿಡ, ಹೂವು. ಇಷ್ಟವಾದದ್ದನ್ನೆಲ್ಲ ತೆಗೆದಿಡುತ್ತೇನೆ. ಜಪಾನಿನ ದೇವಸ್ಥಾನದ ಮೆಟ್ಟಿಲುಗಳ ಎರಡೂ ಕಡೆ ಮಳೆಯಲ್ಲಿ ತೊಯ್ದು ನಿಂತ ಹೈಡ್ರೇಂಜಿಯಾ, ನೆದರ್ಲೆಂಡ್ಸಿನ ಟ್ಯುಲಿಪ್ ಹೊಲ, ಹಸಿರು ಕಳ್ಳಿಯ ತಲೆಯ ಮೇಲೆ ಕೆಂಪು ಉಂಡೆ ಇಟ್ಟಂತೆ ಕಾಣುವ ಮೂನ್ ಕ್ಯಾಕ್ಟಸ್, ಯಾರೋ ಅಜ್ಜಿ ತೆಂಗಿನ ಚಿಪ್ಪಿನಲ್ಲಿ ಬೆಳೆಸಿದ ಹತ್ತುಗಂಟೆ ಹೂವು. ದಿನದ ಕೆಲಸದ ದಣಿವು ಅಲ್ಲಿ ಇಳಿಯುತ್ತದೆ. ಆ ಅರ್ಧ ಗಂಟೆಯ ಖುಷಿಯೇ ಈ ವರ್ಷ ನನಗೆ ಹತ್ತೊಂಬತ್ತು ಸಾವಿರ ರೂಪಾಯಿಯ ಲುಕ್ಸಾನು ಮಾಡಿತು. ನನ್ನ ಹಾಗೆ ಗಿಡದ ಹುಚ್ಚಿರುವ ಬೇರೆಯವರಿಗೆ ಹೀಗಾಗಬಾರದು ಎಂದು ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ಯುಗಾದಿ ಕಳೆದ ವಾರ ಒಂದು ಜಾಹೀರಾತು ಬಂತು. ನೀಲಿ ಗುಲಾಬಿ, ಶಂಖಪುಷ್ಪದಷ್ಟು ಗಾಢ ನೀಲಿ. ಪಕ್ಕದಲ್ಲಿ ಒಂದೇ ಹೂವಿನಲ್ಲಿ ಏಳು ಬಣ್ಣದ ಎಸಳಿರುವ ಕಾಮನಬಿಲ್ಲಿನ ಗುಲಾಬಿ. ಕೆಳಗೆ ನೀಲಿ ಡೇರೆ ಹೂವು, ಅಂದರೆ ಡಾಲಿಯಾ. ಮೂರು ಪೊಟ್ಟಣ, ಒಂದೊಂದರಲ್ಲಿ ನೂರು ಬೀಜ, ಒಟ್ಟು 699 ರೂಪಾಯಿ, ದುಡ್ಡು ಪಾರ್ಸೆಲ್ ಬಂದ ಮೇಲೆ ಕೊಟ್ಟರೆ ಸಾಕು. ಮುಂಗಡ ಕೇಳುತ್ತಿಲ್ಲವಲ್ಲ, ಮೋಸವಿರಲಿಕ್ಕಿಲ್ಲ ಅಂದುಕೊಂಡೆ. ಇಲ್ಲೇ ನಾನು ತಪ್ಪಿದ್ದು. ಪಾರ್ಸೆಲ್ ತಂದ ಹುಡುಗ ದುಡ್ಡು ಎಣಿಸಿಕೊಂಡ ಮೇಲೆಯೇ ಪೊಟ್ಟಣ ನಮ್ಮ ಕೈಗೆ ಬರುವುದು. ಬಿಚ್ಚಿ ನೋಡುವ ಹೊತ್ತಿಗೆ ಅವನ ಗಾಡಿ ತಿರುವು ದಾಟಿರುತ್ತದೆ.

ಒಳಗಿದ್ದದ್ದು ಬೆರಳುದ್ದದ ಮೂರು ಪ್ಲಾಸ್ಟಿಕ್ ಚೀಲ. ಹೆಸರಿಲ್ಲ, ತಯಾರಿಸಿದವರ ವಿಳಾಸವಿಲ್ಲ, ತಾರೀಕಿಲ್ಲ. 1, 2, 3 ಅಂತ ಪೆನ್ನಿನಲ್ಲಿ ಬರೆದ ಚೀಟಿ ಮಾತ್ರ. ಒಂದನೆಯದರಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಬೀಜ. ಬೀಜ ಬೇಗ ಮೊಳೆಯಲಿ ಎಂದು ರಾತ್ರಿ ಸ್ಟೀಲ್ ಬಟ್ಟಲಲ್ಲಿ ನೀರು ಹಾಕಿ ನೆನೆಸಿಟ್ಟೆ. ಬೆಳಿಗ್ಗೆ ಕಾಫಿಗೆ ನೀರಿಡಲು ಬಂದ ಅತ್ತೆ ಬಟ್ಟಲು ನೋಡಿ, "ಇದೇನೇ, ಇಷ್ಟು ಬೆಳಿಗ್ಗೆಗೇ ಕಾಮಕಸ್ತೂರಿ ನೆನೆಸಿಟ್ಟಿದೀಯ? ಪಾನಕ ಮಾಡ್ತೀಯ?" ಅಂದರು.

ಓಡಿ ಬಂದು ನೋಡಿದೆ. ಒಂದೊಂದು ಬೀಜದ ಸುತ್ತಲೂ ಬೂದು ಬಣ್ಣದ ಲೋಳೆ ಕಟ್ಟಿ, ನಡುವೆ ಕಪ್ಪು ಚುಕ್ಕೆ. ಬೇಸಿಗೆಯಲ್ಲಿ ನಿಂಬೆ ಪಾನಕಕ್ಕೆ ಹಾಕಿಕೊಂಡು ಕುಡಿಯುತ್ತೇವಲ್ಲ, ಅದೇ. ಚಮಚದಲ್ಲಿ ಎತ್ತಿದರೆ ಜಾರಿ ಜಾರಿ ಬೀಳುತ್ತಿತ್ತು. ನೂರು ನೀಲಿ ಗುಲಾಬಿ ಅಂತ ನಾನು ಕೊಂಡದ್ದು ದಿನಸಿ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುವ ಕಾಮಕಸ್ತೂರಿ ಬೀಜ.

ಆಮೇಲೆ ಕೂತು ಓದಿದೆ. ಮೊದಲೇ ಓದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಹೂವಿನ ಎಸಳಿಗೆ ನೀಲಿ ಬಣ್ಣ ಕೊಡುವ ಡೆಲ್ಫಿನಿಡಿನ್ ಎಂಬ ವರ್ಣದ್ರವ್ಯವನ್ನು ತಯಾರಿಸುವ ಶಕ್ತಿಯೇ ಗುಲಾಬಿ ಗಿಡಕ್ಕಿಲ್ಲ. ಜಪಾನಿನ ಸಂಟೋರಿ ಕಂಪನಿ 1990ರಲ್ಲಿ ಈ ಕೆಲಸಕ್ಕೆ ಕೈ ಹಾಕಿ, ಪ್ಯಾನ್ಸಿ ಹೂವಿನ ಜೀನ್ ಸೇರಿಸಿ, 2004ರಲ್ಲಿ ನೀಲಿ ಗುಲಾಬಿ ಮಾಡಿದ್ದೇವೆ ಎಂದು ಹೇಳಿತು. ಅದು ಜಪಾನಿನ ಮಾರುಕಟ್ಟೆಗೆ ಬಂದದ್ದು 2009ರಲ್ಲಿ. ಅಷ್ಟು ವರ್ಷ ಅಷ್ಟು ವಿಜ್ಞಾನಿಗಳು ದುಡಿದು ಪಡೆದ ಹೂವಿನ ಬಣ್ಣವೂ ಶಂಖಪುಷ್ಪದ ನೀಲಿಯಲ್ಲ, ನಮ್ಮ ಬದನೆ ಹೂವಿನ ತೆಳು ನೇರಳೆ. ಹಾಗಿರುವಾಗ ನೂರು ಬೀಜ ಇನ್ನೂರು ಚಿಲ್ಲರೆ ರೂಪಾಯಿಗೆ ಎಲ್ಲಿಂದ ಬರಬೇಕು?

ಕಾಮನಬಿಲ್ಲಿನ ಗುಲಾಬಿ ಕಣ್ಣಾರೆ ಕಾಣಲು ಸಿಗುತ್ತದೆ, ಆದರೆ ಅದು ಗಿಡದಲ್ಲಿ ಅರಳಿದ್ದಲ್ಲ. ಬಿಳಿ ಗುಲಾಬಿಯನ್ನು ಕೊಯ್ದು, ದಂಟನ್ನು ಉದ್ದಕ್ಕೆ ಸೀಳಿ, ಒಂದೊಂದು ಸೀಳನ್ನು ಒಂದೊಂದು ಬಣ್ಣದ ನೀರಿನಲ್ಲಿ ಅದ್ದಿಡುತ್ತಾರೆ. ದಂಟು ನೀರು ಹೀರಿದ ಹಾಗೆ ಎಸಳಿಗೆ ಬಣ್ಣ ಏರುತ್ತದೆ. ನರ್ಸರಿಗಳಲ್ಲಿ ಕಾಣುವ ಗಾಢ ನೀಲಿ ಫಲನಾಪ್ಸಿಸ್ ಆರ್ಕಿಡ್ ಕೂಡ ದಂಟಿಗೆ ಬಣ್ಣ ಚುಚ್ಚಿ ಏರಿಸಿದ್ದೇ, ಮುಂದಿನ ಸಲ ಅದೇ ಗಿಡ ಬಿಳಿ ಹೂ ಬಿಡುತ್ತದೆ. ಮೂನ್ ಕ್ಯಾಕ್ಟಸ್ ಮಾತ್ರ ನಿಜ. ಪತ್ರಹರಿತ್ತು ಇಲ್ಲದ ಕೆಂಪು ಕಳ್ಳಿ ತಾನೇ ಆಹಾರ ಮಾಡಿಕೊಳ್ಳಲಾರದು, ಹಾಗಾಗಿ ಅದನ್ನು ಹಸಿರು ಕಳ್ಳಿಯ ಮೇಲೆ, ಹೆಚ್ಚಾಗಿ ಡ್ರ್ಯಾಗನ್ ಹಣ್ಣಿನ ಜಾತಿಯದರ ಮೇಲೆ, ಕಸಿ ಕಟ್ಟಿರುತ್ತಾರೆ. ಅದರ ಬೀಜ ಅಂತ ಯಾರಾದರೂ ಮಾರಿದರೆ ಅದೂ ಮೋಸವೇ. ಬೀಜ ಮೊಳೆತರೂ ಹಸಿರಿಲ್ಲದ ಸಸಿ ಕೆಲವು ದಿನದಲ್ಲಿ ಸಾಯುತ್ತದೆ.

ಡೇರೆ ವಿಷಯದಲ್ಲಿ ನಾನು ಮೋಸ ಹೋಗಲೇಬಾರದಿತ್ತು. ನಮ್ಮ ಮಲೆನಾಡಿನಲ್ಲಿ ಡೇರೆ ಅಂದರೆ ಹೆಂಗಸರ ಪ್ರಾಣ. ಯಾರ ಮನೆಗೆ ಹೋದರೂ ಮೊದಲು ಅಂಗಳದ ಡೇರೆ ನೋಡಿ, ಆಮೇಲೆ ಒಳಗೆ ಕಾಲಿಡುವುದು. ಹೂವಿನ ಕಾಲ ಮುಗಿದು ಗಿಡ ಒಣಗಿದ ಮೇಲೆ ಗೆಡ್ಡೆ ಕಿತ್ತು, ಮಣ್ಣು ಕೊಡವಿ, ಮರಳಿನಲ್ಲಿ ಇಟ್ಟು, ಮಳೆ ಹಿಡಿಯುವಾಗ ಹಂಚಿಕೊಳ್ಳುತ್ತೇವೆ. ಬಣ್ಣ ಉಳಿಯುವುದು ಗೆಡ್ಡೆಯಿಂದಲೇ. ಬೀಜದಿಂದ ಹುಟ್ಟಿದ ಡೇರೆ ತಾಯಿಯನ್ನು ಹೋಲುವುದೇ ಅಪರೂಪ. ಅಂಗಳದಲ್ಲಿ ಬೆಳೆಯುವ ಡೇರೆಯಲ್ಲಂತೂ ಅಪ್ಪಟ ನೀಲಿ ಬಣ್ಣವೇ ಇಲ್ಲ. ಗೆಡ್ಡೆ ಕೊಳ್ಳುವಾಗಲೂ ದಂಟಿಗೆ ಅಂಟಿಕೊಂಡ ಕೊರಳ ಹತ್ತಿರ ಕಣ್ಣು ಇದೆಯೇ ನೋಡಿ. ಕೊರಳು ಮುರಿದ ಗೆಡ್ಡೆ ಎಷ್ಟೇ ದಪ್ಪವಿರಲಿ, ಮಣ್ಣಿನಲ್ಲಿ ಕೊಳೆಯುತ್ತದೆ, ಚಿಗುರುವುದಿಲ್ಲ.

ಗುಲಾಬಿಯದೂ ಇದೇ ಕಥೆ. ನಮಗೆ ಬೇಕಾದ ಬಣ್ಣ, ನಮಗೆ ಬೇಕಾದ ಪರಿಮಳ ಬರುವುದು ಕಡ್ಡಿಯಿಂದ, ಕಸಿಯಿಂದ. ಬೀಜದಿಂದಲ್ಲ. ಗುಲಾಬಿ ಬೀಜ ಹೇಗಿರುತ್ತದೆ ಎಂದು ನಮ್ಮಲ್ಲಿ ಬಹಳ ಮಂದಿ ನೋಡಿಯೇ ಇಲ್ಲ, ಯಾಕೆಂದರೆ ಬಾಡಿದ ಹೂವನ್ನು ಚಿವುಟಿ ಬಿಡುತ್ತೇವೆ. ಚಿವುಟದೆ ಗಿಡದಲ್ಲೇ ಬಿಟ್ಟರೆ ಕಿತ್ತಳೆ ಬಣ್ಣದ ಪುಟ್ಟ ಕಾಯಿ ಕಟ್ಟುತ್ತದೆ. ಅದರೊಳಗೆ ತಿಳಿ ಕಂದು ಬಣ್ಣದ, ಮೂಲೆ ಮೂಲೆಯಾದ ಗಟ್ಟಿ ಬೀಜ. ಸಾಸಿವೆಯಂಥ ಕಪ್ಪು ಬೀಜ ಕಳಿಸಿದರೆ ಅದು ಗುಲಾಬಿಯಲ್ಲ.

ಇಷ್ಟಕ್ಕೇ ನಿಂತಿದ್ದರೆ 699 ರೂಪಾಯಿ ಹೋಯಿತು ಎಂದು ಸುಮ್ಮನಾಗಬಹುದಿತ್ತು. ನನಗೆ ಸಿಟ್ಟು ಬಂದಿತ್ತು. ಆರ್ಡರ್ ಸಂದೇಶದಲ್ಲಿದ್ದ ನಂಬರ್ ಸ್ವಿಚ್ ಆಫ್. ಆ ಅಂಗಡಿಯ ಹೆಸರು ಹಾಕಿ, ಮುಂದೆ ಕಸ್ಟಮರ್ ಕೇರ್ ಎಂದು ಟೈಪ್ ಮಾಡಿ ಹುಡುಕಿದೆ. ಒಂದು ನಂಬರ್ ಸಿಕ್ಕಿತು. ದಯವಿಟ್ಟು ಈ ಭಾಗವನ್ನು ನಿಧಾನವಾಗಿ ಓದಿ.

ಫೋನ್ ಎತ್ತಿದವನು ಚಂದದ ಕನ್ನಡದಲ್ಲಿ ಮಾತಾಡಿದ. "ಕ್ಷಮಿಸಿ ಮೇಡಂ, ತಪ್ಪು ಪಾರ್ಸೆಲ್ ಬಂದಿದೆ, ನಿಮ್ಮ ದುಡ್ಡು ಈಗಲೇ ವಾಪಸ್ ಹಾಕಿಸ್ತೀನಿ" ಅಂದ. ಅರ್ಜಿ ತುಂಬಿಸಲು ಒಂದು ಆ್ಯಪ್ ಹಾಕಿಕೊಳ್ಳಿ ಅಂದ. ಹಾಕಿಕೊಂಡೆ. ಅದರಲ್ಲಿ ಕಾಣುವ ಅಂಕಿ ಓದಿ ಹೇಳಿ ಅಂದ. ಹೇಳಿದೆ. ಆ ಅಂಕಿ ಹೇಳಿದ ಕ್ಷಣದಿಂದ ನನ್ನ ಮೊಬೈಲಿನ ಪರದೆ ಅವನಿಗೂ ಕಾಣುತ್ತಿತ್ತು, ನನಗೆ ಗೊತ್ತಿರಲಿಲ್ಲ. ದುಡ್ಡು ಯಾವ ಕಾರ್ಡಿಗೆ ಹಾಕಬೇಕು ಎಂದು ಕೇಳಿ ಕಾರ್ಡಿನ ವಿವರ ತುಂಬಿಸಿದ. ಒಟಿಪಿ ಹೇಳಿ ಅಂತ ಅವನು ಕೇಳಲೇ ಇಲ್ಲ. ಒಟಿಪಿ ಯಾರಿಗೂ ಹೇಳಬಾರದು ಎಂಬುದು ನನಗೂ ಗೊತ್ತು, ಕೇಳಿದ್ದರೆ ಫೋನ್ ಇಡುತ್ತಿದ್ದೆ. ಕೇಳುವ ಅಗತ್ಯವೇ ಅವನಿಗಿರಲಿಲ್ಲ, ಸಂದೇಶ ಪರದೆಯ ಮೇಲೆ ಬಂದಾಗ ಅವನೇ ಓದಿಕೊಂಡ. 9,800 ಹೋಯಿತು. ನಾನು "ಇದೇನು ಕಟ್ ಆಯ್ತಲ್ಲ" ಅಂದೆ. "ಅದು ವಾಪಸ್ ಬರುತ್ತೆ ಮೇಡಂ, ಲೈನಲ್ಲಿರಿ" ಅಂದ. ಇನ್ನೊಂದು 8,600 ಹೋಯಿತು.

ಕೈಕಾಲು ತಣ್ಣಗಾಗಿ, ಏನು ಮಾಡಬೇಕೆಂದು ತೋಚದೆ ಅಡುಗೆಮನೆಯಲ್ಲೇ ಕೂತುಬಿಟ್ಟೆ. ಮುಕ್ಕಾಲು ಗಂಟೆ ಹಾಗೇ ಹೋಯಿತು. ಮನೆಯವರು ಬಂದು 1930ಕ್ಕೆ ಫೋನ್ ಮಾಡಿದರು. ಅದು ಸೈಬರ್ ವಂಚನೆಗೆಂದೇ ಇರುವ ಸರ್ಕಾರಿ ಸಹಾಯವಾಣಿ. ಆ ಮುಕ್ಕಾಲು ಗಂಟೆಯೇ ನನಗೆ ಹೆಚ್ಚು ತುಟ್ಟಿಯಾದದ್ದು. ಬೇರೆ ಬ್ಯಾಂಕಿನ ಖಾತೆಯೊಂದರಲ್ಲಿ 6,200 ರೂಪಾಯಿ ತಡೆಹಿಡಿದಿದ್ದಾರೆ, ಉಳಿದದ್ದು ಅಷ್ಟರಲ್ಲಿ ದಾಟಿ ಹೋಗಿತ್ತು. ಬ್ಯಾಂಕಿನಲ್ಲಿ ಹೇಳಿದ್ದು ಇಷ್ಟು: ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಗ್ರಾಹಕರೇ ವಿವರ ಬಿಟ್ಟುಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ಗ್ರಾಹಕರದು, ತಿಳಿಸಿದ ಮೇಲೆ ಆದದ್ದು ಬ್ಯಾಂಕಿನದು. ಹಾಗಾಗಿ ಅಳುವುದು, ಯಾರಿಗೆ ಹೇಳಲಿ ಎಂದು ಯೋಚಿಸುವುದು ಎಲ್ಲ ಆಮೇಲೆ. ಮೊದಲು 1930, ಕೂಡಲೇ ಬ್ಯಾಂಕ್. ಮನೆಯವರು ಬೈದಾರು ಎಂದು ಮುಚ್ಚಿಡಬೇಡಿ, ದೇವರಾಣೆ ಮುಚ್ಚಿಡಬೇಡಿ.

ಕಸ್ಟಮರ್ ಕೇರ್ ನಂಬರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ತೆಗೆಯಬೇಡಿ. ಅಲ್ಲಿ ಯಾರು ಬೇಕಾದರೂ ತಮ್ಮ ನಂಬರ್ ಹಾಕಿರಬಹುದು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನಿನಲ್ಲಿ ಮಾರುವವರು ತಮ್ಮ ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿಯ ವಿವರ ಕೊಡಲೇಬೇಕು. ಇಲ್ಲದ ಕಡೆ ಕೊಳ್ಳಲೇಬೇಡಿ. ಕೊಂಡು ಮೋಸ ಹೋದರೆ ಗ್ರಾಹಕ ಸಹಾಯವಾಣಿ 1915 ಇದೆ.

ಬೀಜ ಬೇಕಿದ್ದರೆ ಪೊಟ್ಟಣದ ಮೇಲೆ ತಳಿಯ ಹೆಸರು, ಲಾಟ್ ಸಂಖ್ಯೆ, ಪರೀಕ್ಷೆ ಮಾಡಿದ ತಾರೀಕು, ಶೇಕಡಾ ಎಷ್ಟು ಮೊಳೆಯುತ್ತದೆ ಎಂದು ಇರುವುದನ್ನೇ ತನ್ನಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳ ತರಕಾರಿ ಬೀಜ ಸಣ್ಣ ಪೊಟ್ಟಣದಲ್ಲೂ ಸಿಗುತ್ತದೆ, ಆನ್‌ಲೈನಿನಲ್ಲೂ ಮಾರುತ್ತಾರೆ.

ಉಳಿದ ಚೀಲಗಳ ಬೀಜ ಏನೆಂದು ನನಗೂ ಅತ್ತೆಗೂ ತಿಳಿಯಲಿಲ್ಲ. ಬಿತ್ತಿ ನೋಡೋಣ ಎಂದು ಮನಸ್ಸಾಯಿತು, ಬಿತ್ತಲಿಲ್ಲ. 2020ರಲ್ಲಿ ಹಲವು ದೇಶಗಳಲ್ಲಿ ಜನರಿಗೆ ಕೇಳದೇ ಬೀಜದ ಪಾರ್ಸೆಲ್ ಬಂದಾಗ ನಮ್ಮ ಕೇಂದ್ರ ಕೃಷಿ ಸಚಿವಾಲಯವೂ ರಾಜ್ಯಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಹೊರಗಿನಿಂದ ಬಂದ ಒಂದು ಕಳೆ ಏನು ಮಾಡುತ್ತದೆ ಎಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ, ರಸ್ತೆ ಬದಿಯ ಕಾಂಗ್ರೆಸ್ ಗಿಡ ನೋಡಿದರೆ ಸಾಕು. ಗೊತ್ತಿಲ್ಲದ ಬೀಜವನ್ನು ಗೊಬ್ಬರದ ಗುಂಡಿಗೂ ಹಾಕಬೇಡಿ. ನಾನು ಅದನ್ನು ಬಚ್ಚಲ ಒಲೆಗೆ ಹಾಕಿ, ಉರಿದು ಬೂದಿಯಾಗುವ ತನಕ ನಿಂತು ನೋಡಿದೆ.

ಮಳೆ ಶುರುವಾದ ಮೇಲೆ ತೀರ್ಥಹಳ್ಳಿಯ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಬಾವಿಕಟ್ಟೆಯ ಪಕ್ಕ ಹೈಡ್ರೇಂಜಿಯಾ ತಟ್ಟೆಯಷ್ಟಗಲ ಅರಳಿತ್ತು, ಅಪ್ಪಟ ನೀಲಿ. ಹುಳಿ ಮಣ್ಣಿನಲ್ಲಿ ಬೇರಿಗೆ ಅಲ್ಯೂಮಿನಿಯಂ ಸಿಗುವುದರಿಂದ ಆ ಹೂವು ನೀಲಿಯಾಗುತ್ತದೆ, ಸುಣ್ಣದ ಅಂಶ ಹೆಚ್ಚಿದ್ದರೆ ಅದೇ ಗಿಡ ಗುಲಾಬಿ ಬಣ್ಣದ ಹೂ ಬಿಡುತ್ತದೆ. ನಮ್ಮ ಮಲೆನಾಡಿನ ಕೆಂಪು ಮಣ್ಣು ಹುಳಿಯೇ. ಚಿಕ್ಕಮ್ಮ ಎರಡು ಕಡ್ಡಿ ಮುರಿದು, ಬಾಳೆಪಟ್ಟೆಯಲ್ಲಿ ಸುತ್ತಿ ಕೊಟ್ಟರು. ನೀಲಿ ಗುಲಾಬಿಗೆಂದು ತಂದಿದ್ದ ಕುಂಡದಲ್ಲಿ ಅವನ್ನು ಊರಿದ್ದೇನೆ. ಒಂದು ಕಡ್ಡಿ ಕೊಳೆಯಿತು. ಇನ್ನೊಂದರ ಗೆಣ್ಣಿನಲ್ಲಿ ನಿನ್ನೆ ಎರಡು ಎಲೆ ಬಿಟ್ಟಿದೆ.