ಮಲೆನಾಡಿನ ಮಳೆಗಾಲಕ್ಕೆ ಯಾವ ಹ್ಯಾಂಡ್‌ಹೆಲ್ಡ್? ಆರ್‌ಒಜಿ ಅಲೈ ಎಕ್ಸ್ ಬಳಸಿ ಕಂಡದ್ದು

ಹ್ಯಾಂಡ್‌ಹೆಲ್ಡ್ ಗೇಮಿಂಗ್ ಪಿಸಿ, ಅಂದರೆ ಕೈಯಲ್ಲಿ ಹಿಡಿದು ಆಡುವ ಪುಟ್ಟ ಕಂಪ್ಯೂಟರ್, ತಗೊಳ್ಳುವಾಗ ಎಲ್ಲರೂ ಮೊದಲು ಕೇಳುವುದು ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳು) ಎಷ್ಟು ಬರುತ್ತೆ, ಸ್ಕ್ರೀನ್ ಹೇಗಿದೆ ಅಂತ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಮೊದಲು ನೋಡಬೇಕಾದ್ದು ಬ್ಯಾಟರಿ ಎಷ್ಟು ವ್ಯಾಟ್-ಅವರ್, ಅಂದರೆ ಅದರಲ್ಲಿ ಎಷ್ಟು ವಿದ್ಯುತ್ ಹಿಡಿಯುತ್ತೆ ಅನ್ನುವುದನ್ನ. ಬೇಸಿಗೆ, ಮಳೆಗಾಲ ಎರಡರಲ್ಲೂ ಅಸೂಸ್‌ನ ಆರ್‌ಒಜಿ ಅಲೈ ಎಕ್ಸ್ ಬಳಸಿದ ಮೇಲೆ ನನಗೆ ಈ ವಿಷಯದಲ್ಲಿ ಅನುಮಾನ ಉಳಿದಿಲ್ಲ. ವಾರವೆಲ್ಲ ಶಿವಮೊಗ್ಗದಲ್ಲಿ ಕೆಲಸ, ರಜೆ ಬಂದರೆ ತೀರ್ಥಹಳ್ಳಿ ಹತ್ತಿರದ ತೋಟದ ಮನೆ. ಎರಡೂ ಕಡೆ ಇದೊಂದೇ ನನ್ನ ಗೇಮಿಂಗ್ ಮಷಿನ್.

ಕೊಳ್ಳುವ ಮುಂಚೆ ತೂಗಿ ನೋಡಿದ್ದು ನಾಲ್ಕು. ಸ್ಟೀಮ್ ಡೆಕ್ ಓಎಲ್‌ಇಡಿಯ 7.4 ಇಂಚಿನ ಪರದೆ ಎಲ್ಲಕ್ಕಿಂತ ಚಂದ, ತೂಕವೂ ಸುಮಾರು 640 ಗ್ರಾಂ ಅಷ್ಟೇ. ಆದರೆ ನಾನು ಕೊಳ್ಳುವ ಹೊತ್ತಿಗೆ ಅದನ್ನು ಮಾಡುವ ವಾಲ್ವ್ ಕಂಪನಿ ಅದನ್ನು ಭಾರತದಲ್ಲಿ ಅಧಿಕೃತವಾಗಿ ಮಾರುತ್ತಿರಲಿಲ್ಲ. ಹೊರಗಿನಿಂದ ತರಿಸಿದವರ ಹತ್ತಿರ ಕೊಂಡರೆ ಇಲ್ಲಿ ವಾರಂಟಿ ಇಲ್ಲ. ಈ ತೇವದ ಊರಿನಲ್ಲಿ ವಾರಂಟಿ ಇಲ್ಲದ ದುಬಾರಿ ಎಲೆಕ್ಟ್ರಾನಿಕ್ಸ್ ಇಟ್ಟುಕೊಳ್ಳಲು ನನಗೆ ಧೈರ್ಯ ಬರಲಿಲ್ಲ. ಲೆನೊವೊ ಲೀಜನ್ ಗೋ 8.8 ಇಂಚಿನ ದೊಡ್ಡ ಪರದೆಯದು, ಕಂಟ್ರೋಲರ್ ಬಿಚ್ಚಿಡಬಹುದು, ಆದರೆ 854 ಗ್ರಾಂ. ಮಲಗಿಕೊಂಡು ಹಿಡಿದರೆ ಸ್ವಲ್ಪ ಹೊತ್ತಿಗೇ ಮಣಿಕಟ್ಟು ಸೋಲುತ್ತೆ. 2023ರ ಮೊದಲ ಅಲೈಯಲ್ಲಿ ಇದ್ದದ್ದು 40 ವ್ಯಾಟ್-ಅವರ್ ಬ್ಯಾಟರಿ. ಮರುವರ್ಷ ಬಂದ ಅಲೈ ಎಕ್ಸ್‌ನಲ್ಲಿ ಪ್ರೊಸೆಸರ್ ಅದೇ ಝಡ್1 ಎಕ್ಸ್‌ಟ್ರೀಮ್, ಬ್ಯಾಟರಿ ಮಾತ್ರ ಸರಿಯಾಗಿ ಎರಡು ಪಟ್ಟು: 80. ರ್‍ಯಾಮ್ 16ರಿಂದ 24 ಜಿಬಿ ಆಯಿತು. ತೂಕ 678 ಗ್ರಾಂ. ಇಲ್ಲಿ ಬಂದಾಗ ಬೆಲೆ ಸುಮಾರು 90 ಸಾವಿರ ಇತ್ತು. ಅದೇ ಪ್ರೊಸೆಸರ್‌ಗೆ ಇಷ್ಟು ಜಾಸ್ತಿ ದುಡ್ಡು ಯಾಕೆ ಅಂತ ಕೇಳಿದವರಿಗೆಲ್ಲ ನಾನು ಹೇಳುವುದು, ಜುಲೈನಲ್ಲಿ ನಮ್ಮನೆಗೆ ಬಂದು ನೋಡಿ ಅಂತ.

ನಮ್ಮ ಕಡೆ ಮುಂಗಾರು ಹಿಡಿದ ಮೇಲೆ ಒಂದು ಜೋರು ಗಾಳಿ ಬೀಸಿದರೆ ಸಾಕು, ಎಲ್ಲೋ ಲೈನ್ ಮೇಲೆ ಮರವೋ ಕೊಂಬೆಯೋ ಬಿತ್ತು ಅಂತಲೇ ಲೆಕ್ಕ. ಸಂಜೆ ಹೋದ ಕರೆಂಟು ಮರುದಿನ ಮಧ್ಯಾಹ್ನದವರೆಗೂ ಬರದಿರುವುದು ಹೊಸತೇನಲ್ಲ. ಇನ್‌ವರ್ಟರ್ ಇದೆ ನಿಜ, ಆದರೆ ಅದು ದೀಪಕ್ಕೆ, ಅಡುಗೆಮನೆಗೆ. ಈ ಮಷಿನ್‌ನ ಚಾರ್ಜರ್ 65 ವ್ಯಾಟ್, ಅಂದರೆ 9 ವ್ಯಾಟ್‌ನ ಏಳು ಎಲ್‌ಇಡಿ ಬಲ್ಬು ಉರಿಸುವಷ್ಟು. ರಾತ್ರಿಯೆಲ್ಲ ಕರೆಂಟ್ ಬರುತ್ತೋ ಇಲ್ಲವೋ ಗೊತ್ತಿಲ್ಲದಾಗ ಆಟಕ್ಕಾಗಿ ಅದನ್ನ ಸಿಕ್ಕಿಸುವುದು ನ್ಯಾಯವಲ್ಲ.

ಹಾಗಾಗಿ ಬ್ಯಾಟರಿಯಲ್ಲೇ ಆಡಬೇಕು. ಅದು ಎಷ್ಟು ಹೊತ್ತು ಬರುತ್ತೆ ಅನ್ನುವುದು ನಾವು ಆರಿಸುವ ಪವರ್ ಮೋಡ್ ಮೇಲೆ ನಿಂತಿದೆ. ಸೈಲೆಂಟ್‌ನಲ್ಲಿ ಚಿಪ್‌ಗೆ 13 ವ್ಯಾಟ್, ಪರ್ಫಾರ್ಮೆನ್ಸ್‌ನಲ್ಲಿ 17, ಟರ್ಬೊದಲ್ಲಿ 25. ಇದರ ಮೇಲೆ ಪರದೆ, ಫ್ಯಾನ್, ವೈಫೈ ಎಲ್ಲ ಸೇರಿ ಇನ್ನೂ ಕೆಲವು ವ್ಯಾಟ್ ಹೋಗುತ್ತೆ. ಒಟ್ಟು 20 ವ್ಯಾಟ್ ಅಂತ ಹಿಡಿದರೆ 80 ವ್ಯಾಟ್-ಅವರ್‌ಗೆ ನಾಲ್ಕು ಗಂಟೆ, 40 ಇದ್ದರೆ ಎರಡೇ. ಹೇಡಸ್, ಸ್ಟಾರ್‌ಡ್ಯೂ ವ್ಯಾಲಿ ಥರದ ಆಟಗಳಿಗೆ ಸೈಲೆಂಟ್ ಮೋಡ್ ಧಾರಾಳ ಸಾಕು. ಪರದೆಯ ರಿಫ್ರೆಶ್ ಸೆಕೆಂಡಿಗೆ 60 ಸಲಕ್ಕೆ ಇಳಿಸಿ, ಬ್ರೈಟ್‌ನೆಸ್ ಕಡಿಮೆ ಮಾಡಿ, ವೈಫೈ ಆಫ್ ಮಾಡಿದರೆ ಇನ್ನಷ್ಟು ಎಳೆಯುತ್ತೆ. ಸೈಬರ್‌ಪಂಕ್‌ನಂಥ ಭಾರೀ ಆಟವನ್ನ ಟರ್ಬೊದಲ್ಲಿ ಓಡಿಸಿದರೆ ಮಾತ್ರ ಎರಡು ಗಂಟೆ ದಾಟುವುದು ಕಷ್ಟ. 20,000 ಎಂಎಎಚ್ ಪವರ್ ಬ್ಯಾಂಕ್ ಇದೆಯಲ್ಲ ಅನ್ನುವವರಿಗೆ: ಅದರೊಳಗಿರುವುದು ಸುಮಾರು 74 ವ್ಯಾಟ್-ಅವರ್, ದಾರಿಯಲ್ಲಿ ಸೋರುವುದನ್ನು ಕಳೆದರೆ ಒಂದು ಸಲ ಪೂರ್ತಿ ಚಾರ್ಜ್ ಕೂಡ ಆಗಲ್ಲ.

ಮಳೆಗಾಲ ಬಿಟ್ಟು ವರ್ಷದ ಉಳಿದ ತಿಂಗಳು ಬ್ಯಾಟರಿ ಬೇಗ ಸವೆಯದಿರಲಿ ಅಂತ ಬ್ಯಾಟರಿ ಕೇರ್ ಸೆಟ್ಟಿಂಗ್‌ನಲ್ಲಿ ಚಾರ್ಜ್ ಮಿತಿ ಶೇಕಡಾ 80ಕ್ಕೆ ಇಟ್ಟಿರುತ್ತೇನೆ. ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ, ಆ ಮಿತಿ ತೆಗೆಯುತ್ತೇನೆ.

ಬ್ಯಾಟರಿ ಆದ ಮೇಲೆ ಇಲ್ಲಿ ನಿಜವಾದ ತೊಡಕು ಡೌನ್‌ಲೋಡ್. ಬಾಲ್ಡರ್ಸ್ ಗೇಟ್ 3 ಆಟಕ್ಕೆ 150 ಜಿಬಿ ಜಾಗ ಬೇಕು. ಅಷ್ಟನ್ನು 50 ಎಂಬಿಪಿಎಸ್ ಲೈನ್‌ನಲ್ಲಿ ಇಳಿಸಿದರೂ ಆರೂವರೆ ಗಂಟೆಗೂ ಮೇಲೆ, ತೋಟದ ಮನೆಯಲ್ಲಿ ಮೊಬೈಲ್ ಸಿಗ್ನಲ್ ನಂಬಿಕೊಂಡರೆ ಕೇಳುವುದೇ ಬೇಡ. ನಾನು ಎಲ್ಲವನ್ನೂ ಶಿವಮೊಗ್ಗದ ಫೈಬರ್‌ನಲ್ಲಿ ಇಳಿಸಿ, ಪ್ರತಿ ಆಟವನ್ನೂ ಒಮ್ಮೆ ಆನ್‌ಲೈನ್‌ನಲ್ಲೇ ತೆರೆದು, ಸೇವ್ ಕ್ಲೌಡ್‌ಗೆ ಹೋಗಿದೆಯಾ ನೋಡಿ, ಆಮೇಲೆ ಸ್ಟೀಮ್ (ವಾಲ್ವ್‌ನ ಆಟದಂಗಡಿ ಆ್ಯಪ್) ಆಫ್‌ಲೈನ್ ಮೋಡ್ ಹಾಕಿ ಊರಿಗೆ ಹೊರಡುತ್ತೇನೆ. ಮನೆಯಲ್ಲಿ ಪಿಸಿ ಇದ್ದರೆ ಸ್ಟೀಮ್ ಅದರಿಂದ ಲೋಕಲ್ ನೆಟ್‌ವರ್ಕ್ ಮೂಲಕವೇ ಆಟವನ್ನ ಎತ್ತಿಕೊಳ್ಳುತ್ತೆ, ಇಂಟರ್‌ನೆಟ್ ಡೇಟಾ ಉಳಿಯುತ್ತೆ. ಅಲೈ ಎಕ್ಸ್‌ನ ಎಸ್‌ಎಸ್‌ಡಿ (ಆಟಗಳು ಕೂರುವ ಡಿಸ್ಕ್) ಸಾಮಾನ್ಯ 2280 ಅಳತೆಯದು ಅನ್ನುವುದೂ ನಮ್ಮಂಥ ಊರಿಗೆ ಅನುಕೂಲ. ಸ್ಟೀಮ್ ಡೆಕ್‌ಗೆ ಬೇಕಾದ ಪುಟ್ಟ 2230 ಹುಡುಕುವಷ್ಟು ಒದ್ದಾಟ ಇಲ್ಲ.

ವಿಂಡೋಸ್ ಬಗ್ಗೆ ನನಗೆ ಸಿಟ್ಟಿದೆ. ಪವರ್ ಬಟನ್ ಒತ್ತಿ ಬ್ಯಾಗಿಗೆ ಹಾಕಿದರೆ ಕೆಲವೊಮ್ಮೆ ಅದು ಪೂರ್ತಿ ನಿದ್ದೆ ಮಾಡಲ್ಲ. ಊರು ತಲುಪಿ ತೆಗೆದಾಗ ಮಷಿನ್ ಬಿಸಿ, ಬ್ಯಾಟರಿ ಖಾಲಿ. ನಾಲ್ಕು ಗಂಟೆ ಆಡಲೆಂದೇ ದುಡ್ಡು ಸುರಿದವರಿಗೆ ಇದು ಸಣ್ಣ ವಿಷಯ ಅಲ್ಲ. ಪವರ್ ಬಟನ್‌ಗೆ ಸ್ಲೀಪ್ ಬದಲು ಹೈಬರ್ನೇಟ್ (ಎಲ್ಲವನ್ನೂ ಡಿಸ್ಕ್‌ಗೆ ಬರೆದಿಟ್ಟು ಪೂರ್ತಿ ಆರುವುದು) ಇಟ್ಟ ಮೇಲೆ ಆ ಕಾಟ ನಿಂತಿದೆ, ತೆರೆಯಲು ಅರ್ಧ ನಿಮಿಷ ಹೆಚ್ಚಾದರೂ ಪರವಾಗಿಲ್ಲ. ಈ ಒಂದು ವಿಷಯದಲ್ಲಿ ಸ್ಟೀಮ್ ಡೆಕ್‌ನ ಲಿನಕ್ಸ್ ಆಧಾರಿತ ಸ್ಟೀಮ್‌ಓಎಸ್ ಬಹಳ ಮುಂದಿದೆ: ಬಟನ್ ಒತ್ತಿದರೆ ಮಲಗುತ್ತೆ, ಒತ್ತಿದರೆ ಬಿಟ್ಟಲ್ಲಿಂದಲೇ ಏಳುತ್ತೆ. ಆದರೂ ನಾನು ವಿಂಡೋಸ್‌ನಲ್ಲೇ ಇರುವುದು ಮೈಕ್ರೋಸಾಫ್ಟ್‌ನ ಆಟಗಳ ಚಂದಾ ಗೇಮ್ ಪಾಸ್‌ಗಾಗಿ, ಮತ್ತೆ ಲಿನಕ್ಸ್‌ನಲ್ಲಿ ಓಡದ ವ್ಯಾಲರಂಟ್‌ನಂಥ ಆಟಗಳಿಗಾಗಿ.

ತೇವದ ಮಾತು ಹೇಳದೆ ಬಿಟ್ಟರೆ ತಪ್ಪಾಗುತ್ತೆ. ಆಗಸ್ಟ್‌ನಲ್ಲಿ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುವ ಮನೆಯಲ್ಲಿ ಹ್ಯಾಂಡ್‌ಹೆಲ್ಡ್‌ನ ಬಟ್ಟೆಯ ಕೇಸಿಗೂ ಹಿಡಿಯುತ್ತೆ. ನನ್ನ ಕೇಸಿನ ಒಳಮೈಯಲ್ಲಿ, ಜಾಯ್‌ಸ್ಟಿಕ್ ಕೂರುವ ಗುಳಿಯ ಸುತ್ತ, ಬೂದು ಚುಕ್ಕೆಗಳು ಎದ್ದಿದ್ದವು. ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ. ಪೊಟ್ಟಣಗಳನ್ನ ಆಗಾಗ ಒಲೆಯ ಹತ್ತಿರದ ಬಿಸಿಗೆ ಇಟ್ಟು ಒಣಗಿಸಬೇಕು. ಆಡಿದ ಕೂಡಲೇ ಡಬ್ಬಕ್ಕೆ ಹಾಕುವುದಿಲ್ಲ, ಪೂರ್ತಿ ಆರಲು ಬಿಡುತ್ತೇನೆ. ಜಾಯ್‌ಸ್ಟಿಕ್ ಇದುವರೆಗೆ ತಾನಾಗಿ ಜರುಗಿಲ್ಲ. ಆದರೆ ಇದರಲ್ಲಿರುವುದು ಒಳಗೆ ಉಜ್ಜುವ ಹಳೇ ಬಗೆಯ ಸ್ಟಿಕ್. ಲೀಜನ್ ಗೋದಲ್ಲಿ ಅಯಸ್ಕಾಂತದ ಹಾಲ್ ಎಫೆಕ್ಟ್ ಕೊಟ್ಟಿದ್ದಾರೆ, ಅದಕ್ಕೆ ಸವೆತ ಕಮ್ಮಿ. ಈ ಬೆಲೆಗೆ ಅಸೂಸ್ ಕೂಡ ಅದನ್ನೇ ಕೊಡಬೇಕಿತ್ತು.

2025ರ ಅಕ್ಟೋಬರ್‌ನಲ್ಲಿ ಆರ್‌ಒಜಿ ಎಕ್ಸ್‌ಬಾಕ್ಸ್ ಅಲೈ ಎಕ್ಸ್ ಬಂದಿದೆ. ಹಿಡಿ ಇನ್ನೂ ಚೆನ್ನಾಗಿದೆ, ಹೊಸ ಚಿಪ್ ಇದೆ, ತೂಕ 715 ಗ್ರಾಂ. ಬ್ಯಾಟರಿ ಮಾತ್ರ ಅದೇ 80. ಹೊಸದಾಗಿ ಕೊಳ್ಳುವವರು ಅದನ್ನೇ ನೋಡಲಿ. ನನ್ನ ಹತ್ತಿರ ಇರುವುದನ್ನ ನಾನು ಬದಲಾಯಿಸುವುದಿಲ್ಲ.